ಪೆಟ್ಟಿಗೆಯ ಮೇಲೆ 3200, ಪರದೆಯ ಮೇಲೆ 2133: ರ‍್ಯಾಮ್ ವೇಗ ಕುರಿತ ಪ್ರಶ್ನೋತ್ತರ

ಪ್ರಶ್ನೆ: ಹೊಸ ಕಂಪ್ಯೂಟರಿಗೆಂದು 3200 ಎಂದು ಮುದ್ರಿಸಿದ್ದ, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಕೊಂಡೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ 2133 ಎಂದು ತೋರಿಸುತ್ತಿದೆ. ಗೆಳೆಯ ಹಾಕಿಕೊಟ್ಟ ಸಿಪಿಯು-ಝಡ್ ತಂತ್ರಾಂಶ 1066 ಎನ್ನುತ್ತಿದೆ. ಅಂಗಡಿಯವರು ಬೇರೆ ಮಾಲು ಕೊಟ್ಟಿರಬಹುದೇ?
— ಓದುಗರು, ರಾಯಚೂರು

ಉತ್ತರ: ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಅಂಗಡಿಯವರನ್ನು ಅನುಮಾನಿಸಬೇಕಾದ ಕಾರಣ ಕಾಣುವುದಿಲ್ಲ. ಮೊದಲು ಸಿಪಿಯು-ಝಡ್ ತೋರಿಸಿದ 1066 ಎಂಬ ಅಂಕಿಯನ್ನು ನೋಡೋಣ. ಡಿಡಿಆರ್ ಮೆಮೊರಿಯು ಗಡಿಯಾರದ (ಕೆಲಸಕ್ಕೆ ತಾಳ ಹಾಕುವ ವಿದ್ಯುತ್ ಸಂಕೇತದ) ಪ್ರತಿ ಬಡಿತದಲ್ಲಿ ಎರಡು ಬಾರಿ, ಅಂದರೆ ಸಂಕೇತ ಏರುವಾಗ ಒಮ್ಮೆ ಮತ್ತು ಇಳಿಯುವಾಗ ಒಮ್ಮೆ, ದತ್ತಾಂಶವನ್ನು ಸಾಗಿಸುತ್ತದೆ. ಸಿಪಿಯು-ಝಡ್ ತೋರಿಸುವುದು ಗಡಿಯಾರದ ನಿಜವಾದ ಮೆಗಾಹರ್ಟ್ಸ್. ಟಾಸ್ಕ್ ಮ್ಯಾನೇಜರ್ ತೋರಿಸುವುದು ಅದರ ಎರಡರಷ್ಟನ್ನು, ಅಂದರೆ ಸೆಕೆಂಡಿಗೆ ನಡೆಯುವ ದಶಲಕ್ಷ ವರ್ಗಾವಣೆಗಳನ್ನು. ಹೀಗಾಗಿ 1066 ಮತ್ತು 2133 ಒಂದೇ ವೇಗವನ್ನು ಹೇಳುವ ಎರಡು ಅಂಕಿಗಳು, ಅವುಗಳ ನಡುವೆ ವಿರೋಧವಿಲ್ಲ.

ಇನ್ನು 3200 ಎಲ್ಲಿ ಹೋಯಿತು ಎಂಬುದು. ಪ್ರತಿ ರ‍್ಯಾಮ್ ಹಲಗೆಯ ಮೇಲೂ ಎಸ್‌ಪಿಡಿ ಎಂಬ ಸಣ್ಣ ಚಿಪ್ ಇರುತ್ತದೆ. ಆ ರ‍್ಯಾಮ್ ಯಾವ ಯಾವ ವೇಗದಲ್ಲಿ, ಎಷ್ಟು ವೋಲ್ಟ್‌ನಲ್ಲಿ ನಡೆಯಬಲ್ಲದು ಎಂಬ ವಿವರವನ್ನು ತಯಾರಕರು ಅದರಲ್ಲಿ ಬರೆದಿರುತ್ತಾರೆ. ಕಂಪ್ಯೂಟರ್ ಚಾಲೂ ಆದಾಗ ಮದರ್‌ಬೋರ್ಡ್ ಅದನ್ನು ಓದಿ, ಜೆಡೆಕ್ ಎಂಬ ಮಾನಕ ಸಂಸ್ಥೆ ಗೊತ್ತುಪಡಿಸಿದ, 1.2 ವೋಲ್ಟ್‌ನಲ್ಲಿ ನಡೆಯುವ ನಿಧಾನದ ವೇಗವನ್ನೇ ಆರಿಸಿಕೊಳ್ಳುತ್ತದೆ. 3200ರ ವಿವರವು ಅದೇ ಚಿಪ್‌ನಲ್ಲಿ ಎಕ್ಸ್‌ಎಂಪಿ ಎಂಬ ಬೇರೆ ಪ್ರೊಫೈಲ್ ಆಗಿ, ಸಾಮಾನ್ಯವಾಗಿ 1.35 ವೋಲ್ಟ್‌ನೊಂದಿಗೆ, ಇರುತ್ತದೆ ಮತ್ತು ನೀವು ಹೇಳುವ ತನಕ ಜಾರಿಗೆ ಬರುವುದಿಲ್ಲ. ಕಂಪ್ಯೂಟರ್ ಶುರುವಾಗುವಾಗ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಒತ್ತಿ ಬಯೋಸ್‌ಗೆ, ಅಂದರೆ ವಿಂಡೋಸ್ ತೆರೆಯುವ ಮೊದಲಿನ ಸೆಟ್ಟಿಂಗ್ ಪರದೆಗೆ, ಹೋಗಿ, ಎಕ್ಸ್‌ಎಂಪಿ ಎಂದಿರುವುದನ್ನು ಆರಿಸಿ, ಉಳಿಸಿ ಹೊರಬನ್ನಿ. ಎಎಂಡಿ ಪ್ರೊಸೆಸರಿನ ಕೆಲವು ಬೋರ್ಡುಗಳಲ್ಲಿ ಇದೇ ಆಯ್ಕೆಯನ್ನು ಡಿಒಸಿಪಿ ಅಥವಾ ಎ-ಎಕ್ಸ್‌ಎಂಪಿ ಎಂದು ನಮೂದಿಸಿರುತ್ತಾರೆ. ಆದರೆ ಎಲ್ಲ ಬೋರ್ಡುಗಳೂ ಇದಕ್ಕೆ ಒಪ್ಪುವುದಿಲ್ಲ: ಇಂಟೆಲ್‌ನ 10ನೇ ತಲೆಮಾರಿನ ಐ5 ಪ್ರೊಸೆಸರನ್ನು ಬಿ460 ಬೋರ್ಡಿನಲ್ಲಿ ಕೂರಿಸಿದ್ದರೆ ಯಾವ ರ‍್ಯಾಮ್ ಹಾಕಿದರೂ ವೇಗ 2666ಕ್ಕೆ ನಿಲ್ಲುತ್ತದೆ. ದುಬಾರಿ ರ‍್ಯಾಮ್ ಕೊಳ್ಳುವ ಮೊದಲು ಬೋರ್ಡಿನ ಹೆಸರನ್ನು ನೋಡಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ.

ಪ್ರಶ್ನೆ: ನನ್ನಲ್ಲಿ ರೈಜನ್ 5 5600ಜಿ ಪ್ರೊಸೆಸರ್ ಇದೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. 16 ಜಿಬಿಯ ಒಂದೇ ರ‍್ಯಾಮ್ 3200ರಲ್ಲಿ, ಸಿಎಲ್16ರಲ್ಲಿ ನಡೆಯುತ್ತಿದೆ. ಓವರ್‌ಕ್ಲಾಕ್ ಮಾಡಿ 3600ಕ್ಕೆ ಏರಿಸಿದರೆ ಆಟಗಳು ಬಹಳ ಚುರುಕಾಗುತ್ತವೆ ಎಂದು ಕಾಲೇಜಿನ ಗೆಳೆಯರು ಹೇಳುತ್ತಾರೆ. ಏರಿಸಲೇ?
— ಓದುಗರು, ಬಳ್ಳಾರಿ

ಉತ್ತರ: ಈಗಲೇ ಬೇಡ. ನಿಮಗೆ ಬೇಕಾಗಿರುವುದು ಹೆಚ್ಚಿನ ವೇಗಕ್ಕಿಂತ ಎರಡನೆಯ ರ‍್ಯಾಮ್. ಕಾರಣವನ್ನು ಅಂಕಿಯಲ್ಲೇ ನೋಡಿ. ಒಂದು ರ‍್ಯಾಮ್ ಪ್ರತಿ ವರ್ಗಾವಣೆಗೆ 8 ಬೈಟ್ ಸಾಗಿಸುತ್ತದೆ. 3200ರಲ್ಲಿ ಅದು ಸೆಕೆಂಡಿಗೆ 25.6 ಜಿಬಿ ಆಗುತ್ತದೆ. 3600ಕ್ಕೆ ಏರಿಸಿದರೆ ದೊರೆಯುವುದು 28.8. ಅದೇ ವೇಗದ ಇನ್ನೊಂದು ರ‍್ಯಾಮನ್ನು ಸರಿಯಾದ ಜಾಗದಲ್ಲಿ ಕೂರಿಸಿ ಎರಡು ಚಾನೆಲ್‌ಗಳನ್ನೂ, ಅಂದರೆ ಪ್ರೊಸೆಸರ್ ಮತ್ತು ರ‍್ಯಾಮ್ ನಡುವಿನ ಎರಡು ದಾರಿಗಳನ್ನೂ, ದುಡಿಸಿದರೆ 51.2. ನಿಮ್ಮ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲದೆ ಈ ರ‍್ಯಾಮ್‌ನಿಂದಲೇ ಎಲ್ಲವನ್ನೂ ಎತ್ತಿಕೊಳ್ಳಬೇಕಾಗಿರುವುದರಿಂದ, ಈ ಅಂತರ ಆಟದಲ್ಲಿ ಕಣ್ಣಿಗೆ ಕಾಣುವಂತೆಯೇ ಇರುತ್ತದೆ. ನಾಲ್ಕು ಸ್ಲಾಟ್ ಇರುವ ಬೋರ್ಡಾದರೆ ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಲ್ಲಿ ಕೂರಿಸಬೇಕು. ಕೊಕ್ಕೆ ತಾನಾಗಿ ಟಕ್ಕೆಂದು ಬೀಳುವ ತನಕ ಒತ್ತಬೇಕು.

ಸಿಎಲ್ ಎಂಬುದರ ಬಗ್ಗೆಯೂ ಹೇಳಬೇಕು, ಏಕೆಂದರೆ ಜಾಹೀರಾತುಗಳು ದೊಡ್ಡ ಅಂಕಿಯನ್ನು ಮಾತ್ರ ಎತ್ತಿ ಹಿಡಿಯುತ್ತವೆ. ತುಂಗಭದ್ರಾ ಕಾಲುವೆಯ ನೀರನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ: ಕಾಲುವೆಯ ಅಗಲ ಬೇರೆ, ತೂಬು ಎತ್ತಿದ ಮೇಲೆ ನೀರು ಹೊಲ ಮುಟ್ಟಲು ಹಿಡಿಯುವ ಹೊತ್ತು ಬೇರೆ. ಸಿಎಲ್ ಎಂದರೆ ಕೇಳಿದ ದತ್ತಾಂಶ ಬರಲು ಆರಂಭವಾಗುವ ಮುನ್ನ ಕಾಯಬೇಕಾದ ಬಡಿತಗಳ ಎಣಿಕೆ. 3200ರಲ್ಲಿ ಒಂದು ಬಡಿತಕ್ಕೆ 0.625 ನ್ಯಾನೊಸೆಕೆಂಡ್ ಆಗುವುದರಿಂದ ಸಿಎಲ್16 ಎಂದರೆ 10 ನ್ಯಾನೊಸೆಕೆಂಡ್ ಕಾಯುವಿಕೆ. 3600ಕ್ಕೆ ಏರಿಸಲು ಸಿಎಲ್18 ಇಡಬೇಕಾಗಿ ಬಂದರೆ ಅಲ್ಲಿಯೂ ಅದೇ 10 ನ್ಯಾನೊಸೆಕೆಂಡ್. ಅಗ್ಗದ 3200 ರ‍್ಯಾಮ್‌ಗಳು ಸಿಎಲ್22ರಲ್ಲಿ ಬರುವುದುಂಟು. ಅವುಗಳ ಕಾಯುವಿಕೆ 13.75. ಎರಡನೆಯದನ್ನು ಕೊಳ್ಳುವಾಗ ಚೀಟಿಯ ಮೇಲಿನ ಈ ಅಂಕಿಯನ್ನೂ ಓದಿ, ಮೊದಲಿನದಕ್ಕೆ ಹೊಂದುವುದನ್ನೇ ತನ್ನಿ. ಎರಡೂ ಕೂಡಿ ಸರಿಯಾಗಿ ನಡೆದ ಮೇಲೆ 3600 ಪ್ರಯತ್ನಿಸುವ ಆಸೆ ಉಳಿದಿದ್ದರೆ ಪ್ರಯತ್ನಿಸಿ. ಆದರೆ 5600ಜಿಗೆ ಎಎಂಡಿ ಒಪ್ಪಿರುವ ಮಿತಿ 3200 ಮಾತ್ರ, ಅದರಾಚೆ ಆಗುವ ಹಾನಿಗೆ ವಾರಂಟಿ ಸಿಗುವುದಿಲ್ಲ ಎಂಬುದನ್ನು ತಿಳಿದೇ ಮುಂದುವರಿಯಿರಿ.

ಪ್ರಶ್ನೆ: ಲ್ಯಾಪ್‌ಟಾಪ್‌ನ ರ‍್ಯಾಮ್ ವೇಗವನ್ನೂ ಹೀಗೆ ಹೆಚ್ಚಿಸಬಹುದೇ?
— ಓದುಗರು, ಸಿಂಧನೂರು

ಉತ್ತರ: ಬಹುತೇಕ ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ ಆ ಆಯ್ಕೆಯನ್ನೇ ಕೊಟ್ಟಿರುವುದಿಲ್ಲ. ಖಾಲಿ ಸ್ಲಾಟ್ ಇದ್ದರೆ ಎರಡನೆಯ ರ‍್ಯಾಮ್ ಸೇರಿಸಬಹುದು. ರ‍್ಯಾಮನ್ನು ಬೋರ್ಡಿಗೇ ಬೆಸೆದಿದ್ದರೆ ಅದೂ ಸಾಧ್ಯವಿಲ್ಲ.

ಪ್ರಶ್ನೆ: ಮದುವೆ ವಿಡಿಯೊಗಳ ಎಡಿಟಿಂಗ್ ಮಾಡುತ್ತೇನೆ. ಡಿಸೆಂಬರಿನಲ್ಲಿ ಎಕ್ಸ್‌ಎಂಪಿ ಹಾಕಿಸಿದಾಗ ಎಲ್ಲವೂ ಸರಿಯಿತ್ತು. ಈಗ ಬೇಸಿಗೆಯ ಮಧ್ಯಾಹ್ನಗಳಲ್ಲಿ ನೀಲಿ ಪರದೆ ಬಂದು ಕಂಪ್ಯೂಟರ್ ನಿಲ್ಲುತ್ತಿದೆ. ಕೆಲವು ಜಿಪ್ ಫೈಲುಗಳು ತೆರೆಯುತ್ತಿಲ್ಲ. ಬಿಸಿಲಿಗೂ ಇದಕ್ಕೂ ಸಂಬಂಧವಿದೆಯೇ?
— ಓದುಗರು, ಗಂಗಾವತಿ

ಉತ್ತರ: ಸಂಬಂಧವಿರುವ ಸಾಧ್ಯತೆ ಬಹಳ. ರ‍್ಯಾಮ್‌ನಲ್ಲಿ ಪ್ರತಿಯೊಂದು ಬಿಟ್ ಒಂದು ಅತಿ ಸಣ್ಣ ಕೆಪಾಸಿಟರಿನಲ್ಲಿ ವಿದ್ಯುದಾವೇಶವಾಗಿ ನಿಂತಿರುತ್ತದೆ ಮತ್ತು ಆ ಆವೇಶ ಸದಾ ಸೋರುತ್ತಿರುತ್ತದೆ. ಆದ್ದರಿಂದ ಡಿಡಿಆರ್4ನಲ್ಲಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಓದಿ ಮತ್ತೆ ತುಂಬುತ್ತಾರೆ. ಬಿಸಿ ಏರಿದಷ್ಟೂ ಸೋರಿಕೆ ಹೆಚ್ಚು. ಚಿಪ್‌ನ ಉಷ್ಣತೆ 85 ಡಿಗ್ರಿ ದಾಟಿದರೆ ಈ ಅವಧಿಯನ್ನು ಅರ್ಧಕ್ಕೆ, 32 ಮಿಲಿಸೆಕೆಂಡಿಗೆ ಇಳಿಸಬೇಕೆಂದು ಮಾನಕವೇ ಹೇಳುತ್ತದೆ. ನಿಮ್ಮ ಚಿಪ್ ಅಷ್ಟು ಬಿಸಿಯಾಗದೇ ಇರಬಹುದು. ಆದರೆ ಏರಿಸಿದ ವೇಗ ಮತ್ತು 1.35 ವೋಲ್ಟ್‌ನ ಬಿಸಿ, ತಪ್ಪಾಗದೆ ನಡೆಯಲು ಇದ್ದ ಅಂತರವನ್ನು ಈಗಾಗಲೇ ಕಿರಿದು ಮಾಡಿರುತ್ತವೆ. ಹೊರಗೆ 42 ಡಿಗ್ರಿ ಬಿಸಿಲಿದ್ದು, ಫ್ಯಾನಿನ ಜಾಲರಿಯಲ್ಲಿ ಧೂಳು ಕಟ್ಟಿಕೊಂಡು, ಕ್ಯಾಬಿನೆಟ್ಟಿನ ಒಳಗಿನ ಗಾಳಿ ಕೋಣೆಯ ಗಾಳಿಗಿಂತಲೂ ಕಾದಾಗ ಉಳಿದದ್ದೂ ಹೋಗುತ್ತದೆ. ಡಿಸೆಂಬರಿನಲ್ಲಿ ಮಾಡಿದ ಪರೀಕ್ಷೆಯನ್ನು ನಮ್ಮ ಭಾಗದಲ್ಲಿ ಅರ್ಧ ಪರೀಕ್ಷೆಯೆಂದೇ ನಾನು ಎಣಿಸುತ್ತೇನೆ.

ನೀಲಿ ಪರದೆಗಿಂತ ನನ್ನನ್ನು ಹೆಚ್ಚು ಕಳವಳಗೊಳಿಸುವುದು ನಿಮ್ಮ ಜಿಪ್ ಫೈಲುಗಳು. ಸಾಮಾನ್ಯ ಡೆಸ್ಕ್‌ಟಾಪ್‌ನ ಡಿಡಿಆರ್4 ರ‍್ಯಾಮ್‌ನಲ್ಲಿ ತಪ್ಪನ್ನು ಹಿಡಿಯುವ ಏರ್ಪಾಡು ಇರುವುದಿಲ್ಲ. ಸೊನ್ನೆ ಒಂದಾಗಿ ಬದಲಾದರೆ, ಬದಲಾದದ್ದೇ ಡಿಸ್ಕಿಗೆ ಹೋಗಿ ಸೇರುತ್ತದೆ, ಯಾರಿಗೂ ಎಚ್ಚರಿಕೆ ಸಿಗುವುದಿಲ್ಲ.

ಇಂದೇ ಎಕ್ಸ್‌ಎಂಪಿ ತೆಗೆದು ಮೂಲ ವೇಗಕ್ಕೆ ಬನ್ನಿ. ಧೂಳು ತೆಗೆಸಿ. ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಚಾಲೂ ಮಾಡಿ, ಮಧ್ಯಾಹ್ನದ ಹೊತ್ತಿನಲ್ಲಿ ಪೂರ್ತಿ ಓಡಲು ಬಿಡಿ. ಮೂಲ ವೇಗದಲ್ಲೂ ತಪ್ಪು ಕಂಡರೆ ರ‍್ಯಾಮ್ ಅಥವಾ ಸ್ಲಾಟ್ ಕೆಟ್ಟಿರಬಹುದು. ಒಂದೊಂದನ್ನೇ ಹಾಕಿ ನೋಡಿ, ಕೆಟ್ಟದ್ದನ್ನು ವಾರಂಟಿಗೆ ಕೊಡಿ. ತಪ್ಪಿಲ್ಲದಿದ್ದರೆ ಎಕ್ಸ್‌ಎಂಪಿ ಹಾಕಿ, ವೇಗವನ್ನು ಮಾತ್ರ 3200ರಿಂದ 2933ಕ್ಕೆ ಇಳಿಸಿ ಮತ್ತೆ ಪರೀಕ್ಷಿಸಿ. ಒಂದೇ ಒಂದು ತಪ್ಪು ಬಂದರೂ ಆ ವೇಗ ನಿಮಗೆ ಬೇಡ. ಅದನ್ನು ಸರಿಪಡಿಸಲು ವೋಲ್ಟ್ ಏರಿಸುತ್ತ ಹೋದರೆ ಬಿಸಿಯೇ ಇನ್ನಷ್ಟು ಏರುತ್ತದೆ. ಪರೀಕ್ಷೆ ಮುಗಿಯುವ ತನಕ ಕ್ಯಾಮೆರಾದ ಕಾರ್ಡುಗಳನ್ನು ಫಾರ್ಮ್ಯಾಟ್ ಮಾಡಬೇಡಿ; ಈ ಬೇಸಿಗೆಯಲ್ಲಿ ಉಳಿಸಿದ ಫೈಲುಗಳನ್ನು ಅವುಗಳಿಂದಲೇ ಮತ್ತೊಮ್ಮೆ ನಕಲು ಮಾಡಿಕೊಳ್ಳಿ.