ಓದುಗರ ಪ್ರಶ್ನೆ: ನಗರಸಭೆ ಇಲ್ಲದ ಊರಿನಲ್ಲಿ ಯಾರನ್ನು ಕೇಳುವುದು?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ಕೌಂಟಿಯ ಆಪ್ಟಾಸ್‌ನಲ್ಲಿರುವ ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಹೊರಟಿದ್ದೇನೆ. ಆ ಊರಿಗೆ ನಗರಸಭೆಯೇ ಇಲ್ಲ, ಎಲ್ಲವೂ ಕೌಂಟಿಯದೇ ಎನ್ನುತ್ತಾಳೆ ಮಗಳು. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆಯೇ? ಹಗಲೆಲ್ಲ ಮನೆಯಲ್ಲಿ ನಾನೊಬ್ಬಳೇ. ಮಾತಿಗೆ ಯಾರಾದರೂ ಸಿಗುತ್ತಾರೆಯೇ? ಸಮುದ್ರ ಹತ್ತಿರವಿರುವುದರಿಂದ ಸುನಾಮಿಯ ಭಯವೂ ಇದೆ.
– ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಅಕ್ಕ, ನಾನು ಈ ಕೌಂಟಿಗೆ ಬಂದು ಇಪ್ಪತ್ತೆರಡು ವರ್ಷಗಳಾದವು. ಧೈರ್ಯವಾಗಿ ಬನ್ನಿ.

ಜಿಲ್ಲೆ ಎಂದುಕೊಂಡರೆ ಅರ್ಧ ಸರಿ. ಜಿಲ್ಲಾಧಿಕಾರಿಯನ್ನು ಸರ್ಕಾರ ನೇಮಿಸುತ್ತದೆ. ಇಲ್ಲಿ ಕೌಂಟಿಯ ಹೊಣೆ ಹೊತ್ತ ಐವರು ಮೇಲ್ವಿಚಾರಕರನ್ನು ಜನರೇ ನಾಲ್ಕು ವರ್ಷದ ಅವಧಿಗೆ ಆರಿಸುತ್ತಾರೆ. ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಶೆರಿಫ್ ಕೂಡ ಚುನಾವಣೆಯಲ್ಲಿ ಗೆದ್ದು ಬಂದವರೇ. ಸಾಂಟಾ ಕ್ರೂಜ್, ವಾಟ್ಸನ್‌ವಿಲ್, ಸ್ಕಾಟ್ಸ್ ವ್ಯಾಲಿ, ಕ್ಯಾಪಿಟೋಲಾ ಈ ನಾಲ್ಕು ಊರುಗಳಿಗೆ ಮಾತ್ರ ನಗರಸಭೆ ಇದೆ. ಉಳಿದವರು, ಅಂದರೆ ಸುಮಾರು ಅರ್ಧದಷ್ಟು ಜನ, ನೇರವಾಗಿ ಕೌಂಟಿಯ ಆಡಳಿತಕ್ಕೆ ಸೇರಿದವರು.

ಆದರೆ ಎಲ್ಲವೂ ಕೌಂಟಿಯದೇ ಎಂಬ ನಿಮ್ಮ ಮಗಳ ಮಾತು ಸರಿಯಲ್ಲ. ಆಪ್ಟಾಸ್‌ಗೆ ನೀರು ಕೊಡುವುದು ಸೊಕೆಲ್ ಕ್ರೀಕ್ ನೀರು ಮಂಡಳಿ. ಬೆಂಕಿ ಆರಿಸುವುದಕ್ಕೆ ಬೇರೆಯದೇ ಮಂಡಳಿ ಇದೆ. ಎರಡಕ್ಕೂ ಪ್ರತ್ಯೇಕ ಚುನಾಯಿತ ಸದಸ್ಯರು. ಒಂದನೇ ಹೆದ್ದಾರಿ ರಾಜ್ಯದ್ದು, ಸೀಕ್ಲಿಫ್ ಕಡಲತೀರವೂ ರಾಜ್ಯದ್ದೇ. ಬಂದ ಮೊದಲ ಮಳೆಗಾಲದಲ್ಲಿ ನಮ್ಮ ಓಣಿಗೆ ಅಡ್ಡಲಾಗಿ ಮರ ಬಿದ್ದಿತ್ತು. ಮೂರು ಕಚೇರಿಗಳಿಗೆ ಫೋನ್ ಮಾಡಿದೆ. ಮೂರನೆಯ ಕಚೇರಿಯ ಹೆಂಗಸು ನಕ್ಷೆ ನೋಡಿ, "ಅದು ಖಾಸಗಿ ರಸ್ತೆ, ಅಲ್ಲಿ ಮನೆ ಇರುವವರೇ ನೋಡಿಕೊಳ್ಳಬೇಕು" ಎಂದು ತಾಳ್ಮೆಯಿಂದ ತಿಳಿಸಿದರು. ಬೆಟ್ಟದ ಕಡೆ ಇಂಥ ರಸ್ತೆಗಳು ಬಹಳ. ಮರುದಿನ ಬೆಳಿಗ್ಗೆ ಓಣಿಯವರೆಲ್ಲ ಗರಗಸ ಹಿಡಿದು ಬಂದರು. ನಾನು ಚಹಾ ಮಾಡಿ ತಂದೆ. ಅಲ್ಲಿಯವರೆಗೆ ಅವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ. ಇಂದು ನನ್ನ ಮನೆಯ ಬೀಗದ ಕೈ ಇರುವುದು ಅವರಲ್ಲೊಬ್ಬರ ಬಳಿ.

ಮಾತಿಗೆ ಜನ ಬೇಕಾದರೆ ಮೊದಲು ಆಪ್ಟಾಸ್ ಗ್ರಂಥಾಲಯಕ್ಕೆ ಹೋಗಿ. 2016ರಲ್ಲಿ ಗ್ರಂಥಾಲಯಗಳಿಗಾಗಿ ಹೆಚ್ಚಿನ ತೆರಿಗೆ ಕೊಡಲು ಇಲ್ಲಿನ ಮತದಾರರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಒಪ್ಪಿದರು. ಆ ಹಣದಿಂದ ಎದ್ದ ಹೊಸ ಕಟ್ಟಡ ಅದು. ಅದರ ಬಗ್ಗೆ ನನಗೆ ಬಹಳ ಅಭಿಮಾನ. ಒಳಗೆ ಕುಳಿತು ಓದಲು ಕಾರ್ಡ್ ಬೇಡ, ಯಾರೂ ಗುರುತಿನ ಚೀಟಿ ಕೇಳುವುದಿಲ್ಲ. ಶನಿವಾರ ಬೆಳಿಗ್ಗೆ ಕ್ಯಾಬ್ರಿಲೊ ಕಾಲೇಜಿನ ಆವರಣದಲ್ಲಿ ರೈತರ ಸಂತೆ ಸೇರುತ್ತದೆ. ಸ್ಟ್ರಾಬೆರಿ ಬೆಳೆದವರೊಡನೆಯೇ ಮಾತನಾಡಬಹುದು.

ಇನ್ನೊಂದು ಕೆಲಸ ಮಾಡಿ. ಒಂದು ಮಂಗಳವಾರ ಮೇಲ್ವಿಚಾರಕರ ಸಭೆಗೆ ಹೋಗಿ ಕುಳಿತುಕೊಳ್ಳಿ. ನಾನು ಪೌರಳಲ್ಲವಲ್ಲ ಎಂದು ಹಿಂಜರಿಯಬೇಡಿ. 1953ರ ಬ್ರೌನ್ ಕಾಯ್ದೆಯ ಪ್ರಕಾರ ಅಲ್ಲಿ ಯಾರು ಬೇಕಾದರೂ ಕೂರಬಹುದು, ಎದ್ದು ಮಾತನಾಡಬಹುದು. ಹೆಸರು ಹೇಳಲೇಬೇಕೆಂಬ ಕಡ್ಡಾಯವೂ ಇಲ್ಲ. ಸಾಮಾನ್ಯ ಸಭೆಯಾದರೆ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು. ಶಾಲೆಯ ಬಳಿ ರಸ್ತೆ ದಾಟುವ ಪಟ್ಟೆ ಬೇಕೆಂದು ಕೇಳಲು ನಾನು ಮೊದಲ ಸಲ ಎದ್ದಾಗ ಧ್ವನಿ ನಡುಗುತ್ತಿತ್ತು. ಐವರೂ ಬರೆದುಕೊಂಡರು.

ಸುನಾಮಿಯ ವಿಷಯ. 2011ರ ಮಾರ್ಚ್‌ನಲ್ಲಿ ಜಪಾನ್‌ನಿಂದ ಹೊರಟ ಅಲೆಗಳು ಸಾಂಟಾ ಕ್ರೂಜ್ ಬಂದರಿನ ದೋಣಿಗಳನ್ನು ಮುಳುಗಿಸಿದವು. 2022ರ ಜನವರಿಯಲ್ಲಿ ಟೋಂಗಾದ ಜ್ವಾಲಾಮುಖಿಯಿಂದ ಮತ್ತೆ ಅಲ್ಲಿ ನೀರು ನುಗ್ಗಿತು. ದೂರದ ಅಲೆಗೆ ಮುನ್ಸೂಚನೆ ಸಿಗುತ್ತದೆ. ಆದರೆ ತೀರದಲ್ಲಿ ನಿಂತಿರುವಾಗ ನೆಲ ಜೋರಾಗಿ, ಬಹಳ ಹೊತ್ತು ನಡುಗಿದರೆ ಯಾರ ಸೂಚನೆಗೂ ಕಾಯಬೇಡಿ. ನಡುಕ ನಿಂತ ಕೂಡಲೇ ನಡೆದೇ ದಿಬ್ಬ ಹತ್ತಿ. 1989ರ 6.9 ತೀವ್ರತೆಯ ಭೂಕಂಪದ ಕೇಂದ್ರ ಆಪ್ಟಾಸ್‌ನ ಹಿಂದಿನ ಕಾಡಿನಲ್ಲೇ ಇತ್ತು.

ನನಗೆ ಹೆಚ್ಚಿನ ಭಯ ಬೆಂಕಿಯದು. 2020ರ ಆಗಸ್ಟ್‌ನ ಕಾಡ್ಗಿಚ್ಚಿನಲ್ಲಿ ಈ ಕೌಂಟಿಯ ಒಂಬೈನೂರಕ್ಕೂ ಹೆಚ್ಚು ಮನೆಗಳು ಸುಟ್ಟವು. ವಾಟ್ಸನ್‌ವಿಲ್‌ನ ಜಾತ್ರೆ ಮೈದಾನದಲ್ಲಿ ಮನೆ ಬಿಟ್ಟು ಬಂದವರಿಗೆ ಹೊದಿಕೆ ಹಂಚುವಾಗ, ಮಾತ್ರೆಯ ಡಬ್ಬಿಯನ್ನೂ ತಾರದೆ ಓಡಿಬಂದಿದ್ದ ಅಜ್ಜಿಯೊಬ್ಬರನ್ನು ನೋಡಿದೆ. ಅದಕ್ಕೇ ಹೇಳುತ್ತಿದ್ದೇನೆ: ಬಂದ ಮೊದಲ ಸಂಜೆಯೇ ಮನೆಯ ತೆರವು ವಲಯದ (ಅಪಾಯದಲ್ಲಿ ಒಟ್ಟಿಗೆ ಮನೆ ಬಿಡಲು ಸೂಚನೆ ಪಡೆಯುವ ಪ್ರದೇಶದ) ಸಂಖ್ಯೆಯನ್ನು ಮಗಳಿಂದ ಕೇಳಿ ಫ್ರಿಜ್ ಮೇಲೆ ಅಂಟಿಸಿ. ಕೌಂಟಿಯ ಎಚ್ಚರಿಕೆ ಸಂದೇಶಗಳು ನಿಮ್ಮ ಮೊಬೈಲ್‌ಗೂ ಬರುವಂತೆ ಮಾಡಿಸಿಕೊಳ್ಳಿ.

ಪ್ರಶ್ನೆ: ಕಡಲತೀರದ ಮನೆಯೊಂದರ ಮುಂದೆ "ಖಾಸಗಿ ತೀರ" ಎಂಬ ಫಲಕವಿದೆ. ಹಿಂದಿರುಗಬೇಕೇ?
– ವಿದ್ಯಾರ್ಥಿ, ಸಾಂಟಾ ಕ್ರೂಜ್

ಉತ್ತರ: ಬೇಡ, ಒದ್ದೆ ಮರಳಿನ ಮೇಲೆ ನಡೆಯಿರಿ. ಕ್ಯಾಲಿಫೋರ್ನಿಯಾದಲ್ಲಿ ಸರಾಸರಿ ಉಬ್ಬರದ ಗೆರೆಯಿಂದ ಕೆಳಗಿನ ತೀರ ಸಾರ್ವಜನಿಕರದು. ಮೇಲಿನ ಒಣ ಮರಳು ಖಾಸಗಿಯಾಗಿರಬಹುದು. ಫಲಕದ ಚಿತ್ರ ತೆಗೆದು ರಾಜ್ಯದ ಕರಾವಳಿ ಆಯೋಗಕ್ಕೆ ಕಳುಹಿಸಿ. ಅನುಮತಿಯಿಲ್ಲದ ಫಲಕವಾದರೆ ಅವರೇ ಕ್ರಮ ಕೈಗೊಳ್ಳುತ್ತಾರೆ.