ವಾರವಾರ ನಂದಿ ಬೆಟ್ಟ ಹತ್ತೋರು ಆಲ್ಪ್ಸ್‌ನ ಗ್ರೂಪ್ ಸೈಕಲ್ ಟೂರ್‌ಗೆ ಹೋಗಬಹುದಾ?

ಧಾರಾಳವಾಗಿ ಹೋಗಬಹುದು. ನೀವು ಬರೆದಿರೋದು ಏನಂದ್ರೆ, ವಾರಕ್ಕೊಂದ್ಸಲ ನಂದಿ ಹತ್ತೀರಾ, ಫ್ರೆಂಡ್ಸ್ ಎಲ್ಲ ಸೇರಿ ಮುಂದಿನ ಜುಲೈಗೆ ಜಿನೀವಾ ಸರೋವರದಿಂದ ಫ್ರಾನ್ಸ್‌ನ ಸಮುದ್ರ ತೀರದ ನೀಸ್ ತನಕ ಪಾಸ್ (ಬೆಟ್ಟದ ಸಾಲು ದಾಟೋ ಎತ್ತರದ ದಾರಿ) ಮೇಲೆ ಪಾಸ್ ಹತ್ಕೊಂಡು ಹೋಗೋಣ ಅಂತಿದಾರೆ, ಅವರಲ್ಲೆಲ್ಲ ನೀವೇ ಸ್ಲೋ, ಎಲ್ಲರಿಗೂ ಹೊರೆ ಆಗಿಬಿಡ್ತೀನೇನೋ ಅಂತ ಭಯ. ನಾನು ಆ ರೂಟಲ್ಲಿ ಒಂದು ಗುಂಪಿನ ಜೊತೆ ಹೋಗಿ ಬಂದೋನು, ಅದೂ ಯಾವಾಗಲೂ ಕೊನೇ ಎರಡು ಮೂರು ಜನರಲ್ಲಿ ಒಬ್ಬನಾಗಿ. ಹತ್ತೋದು ಹೇಗೋ ಆಗಿಬಿಡತ್ತೆ ಸಾರ್. ಹೆದರಬೇಕಾದ್ದು ಇಳಿಯೋದಕ್ಕೆ, ಚಳಿಗೆ, ಇನ್ನೊಂದು ನಿಮ್ಮ ಗುಂಪಿನವರು ಒಬ್ಬರಿಗೊಬ್ಬರು ಹೇಗೆ ಕಾಯ್ತಾರೆ ಅನ್ನೋದಕ್ಕೆ.

ಮೊದಲು ಹತ್ತೋ ಲೆಕ್ಕ ಮುಗಿಸಿಬಿಡೋಣ. ನಂದಿ ಬುಡದಿಂದ ತುದಿಗೆ ಏಳೂವರೆ ಕಿಲೋಮೀಟರ್ ಆಸುಪಾಸು, ಎತ್ತರದಲ್ಲಿ 450 ಮೀಟರ್ ಹತ್ರ ಏರ್ತೀರಾ. ಆ ರೂಟಲ್ಲಿರೋ ಗಲಿಬಿಯೇ ಅನ್ನೋ ಪಾಸ್ ಹತ್ತೋ ದಿನ ಏನಾಗತ್ತೆ ಅಂದ್ರೆ ಸ್ಯಾಂ ಮಿಶೆಲ್ ದ ಮೊರಿಯೆನ್ ಅನ್ನೋ ಊರಲ್ಲಿ ಸುಮಾರು 700 ಮೀಟರ್ ಎತ್ತರದಲ್ಲಿ ಶುರು ಮಾಡಿ 12 ಕಿಲೋಮೀಟರ್ ಹತ್ತಿ ಟೆಲಿಗ್ರಾಫ್ ಪಾಸ್‌ಗೆ ಹೋಗ್ತೀರಾ, ಅದು 1,566 ಮೀಟರ್, ಅಲ್ಲಿಂದ ವಾಲ್ವಾರ್ ಅನ್ನೋ ಊರಿಗೆ ಒಂಚೂರು ಇಳೀತೀರಾ, ಅಬ್ಬಾ ಅಂತ ಒಂದು ಕಾಫಿ ಕುಡೀತೀರಾ, ಆಮೇಲೆ ಮತ್ತೆ 18 ಕಿಲೋಮೀಟರ್ ಹತ್ತಿದ್ರೆ ಗಲಿಬಿಯೇ ತುದಿ 2,642 ಮೀಟರ್. ಎಲ್ಲ ಕೂಡಿದ್ರೆ 2,100 ಮೀಟರ್ ಏರು, ಅಂದ್ರೆ ನಾಲ್ಕೂವರೆ ನಂದಿ. ಕೇಳಿದ್ರೆ ಎದೆ ಧಸಕ್ ಅನ್ನತ್ತೆ. ಆದ್ರೆ ಬಹುಪಾಲು ಏರು 7-8 ಪರ್ಸೆಂಟ್, ಅಂದ್ರೆ ನೂರು ಮೀಟರ್ ಹೋದ್ರೆ 7-8 ಮೀಟರ್ ಏರ್ತೀರಾ, ಮಸಿನಗುಡಿಯಿಂದ ಊಟಿಗೆ ಹೋಗೋ ಕಲ್ಹಟ್ಟಿ ಘಾಟ್ ಥರ ಮುಖಕ್ಕೆ ಎದ್ದು ನಿಲ್ಲೋ ತಿರುವು ಕಮ್ಮಿ. ಕುದುರೆ ಗಾಡಿ, ಫಿರಂಗಿ ಎಲ್ಲ ಎಳೀಬೇಕಿದ್ದ ಕಾಲದ ದಾರಿಗಳು ತುಂಬ ಇವೆ, ಅದಕ್ಕೇ ಸುತ್ತಿ ಸುತ್ತಿ ಹದವಾಗಿ ಏರತ್ತೆ.

ನೀವೂ ಸೈಕಲ್ಲೂ ಸೇರಿ 80 ಕೆಜಿ ಅಂದ್ಕೊಳ್ಳಿ. 8 ಪರ್ಸೆಂಟ್ ಏರಲ್ಲಿ ಗಂಟೆಗೆ ಏಳೂವರೆ ಕಿಲೋಮೀಟರ್ ಸ್ಪೀಡಲ್ಲಿ ಹೋದ್ರೆ ಗಂಟೆಗೆ 600 ಮೀಟರ್ ಎತ್ತರ ಏರಿದ ಹಾಗೆ, ಬರೀ ಭಾರ ಎತ್ತೋದಕ್ಕೆ 130 ವ್ಯಾಟ್, ಟೈರು ಚೈನು ಗಾಳಿ ಎಲ್ಲ ಸೇರಿಸಿದ್ರೆ 150ರ ಹತ್ರ. ನಂದಿನ 45 ನಿಮಿಷಕ್ಕೆ ಹತ್ತೋರು ಇದೇ ರೇಟಲ್ಲೇ ಹತ್ತೋದು. ಹಾಗಾಗಿ ಶಕ್ತಿ ಇದೆ, ಅದನ್ನ ಮೂರೂವರೆ ನಾಲ್ಕು ಗಂಟೆ ಹಿಡಿದಿಟ್ಕೊಬೇಕು, ಮಾರನೇ ದಿನ ಎದ್ದು ಮತ್ತೆ ಅದೇ ಮಾಡಬೇಕು ಅಷ್ಟೇ. ಅದಕ್ಕೆ ನಂದಿನ ಇನ್ನೂ ಫಾಸ್ಟಾಗಿ ಹತ್ತೋ ಪ್ರಾಕ್ಟೀಸ್ ಬೇಡ, ಶನಿವಾರ ಮೂರು ಸಲ ನಿಧಾನಕ್ಕೆ ಹತ್ತಿ ಭಾನುವಾರ ಮತ್ತೆ ಎರಡು ಸಲ ಹತ್ತಿ. ಬೋರ್ ಹೊಡೆಯತ್ತೆ, ಹೊಡೀಲಿ.

ಇದಕ್ಕಿಂತ ಮುಖ್ಯ ಗೇರು. ಏಳೂವರೆ ಸ್ಪೀಡಲ್ಲಿ ಮುಂದಿನ ಗೇರ್ ಚಕ್ರಕ್ಕೆ 34, ಹಿಂದಿನದಕ್ಕೆ 28 ಹಲ್ಲಿದ್ರೆ ನಿಮಿಷಕ್ಕೆ 50 ಸಲ ಕೂಡ ಪೆಡಲ್ ತಿರುಗಲ್ಲ, ಎರಡನೇ ದಿನಕ್ಕೇ ಮಂಡಿ ಕೈ ಕೊಡತ್ತೆ. ಹಿಂದೆ 34 ಹಾಕಿಸಿದ್ರೆ 60 ತಿರುಗತ್ತೆ, ಅದು ಬದುಕೋ ಲೆಕ್ಕ. ಅಂಗಡಿಯೋನು "ಅಷ್ಟೊಂದು ಯಾಕೆ ಸಾರ್" ಅಂದ್ರೆ ನಕ್ಕು ಹಾಕಿಸ್ಕೊಳ್ಳಿ. ಎತ್ತರದ ವಿಷ್ಯ ಬೇರೆ ಇದೆ, 2,700 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಕಮ್ಮಿ, ಕೊನೇ ಎರಡು ಮೂರು ಕಿಲೋಮೀಟರ್ ನಿಮಗೇ ಗೊತ್ತಾಗದ ಹಾಗೆ ಸ್ಪೀಡ್ ಬಿದ್ದೋಗತ್ತೆ. ಗಲಿಬಿಯೇಯಲ್ಲಿ ಇದು ಇನ್ನೂ ಕ್ರೂರ, ಯಾಕಂದ್ರೆ ತುದಿಗೆ ಒಂದು ಕಿಲೋಮೀಟರ್ ಮುಂಚೆ ಟನಲ್ ಇದೆ, ಕಾರಿನವರು ಅದರೊಳಗೆ ನುಗ್ಗಿ ಆಚೆ ಹೋಗ್ತಾರೆ, ಸೈಕಲ್‌ನೋರಿಗೆ ಅದರಲ್ಲಿ ಬಿಡಲ್ಲ, ಮೇಲೇ ಹತ್ತಬೇಕು, ಆ ಒಂದು ಕಿಲೋಮೀಟರೇ ಎಲ್ಲಕ್ಕಿಂತ ಕಡಿದು. ಫ್ರಾನ್ಸ್‌ನಲ್ಲಿ ಒಂದು ಉಪಕಾರ ಮಾಡಿದಾರೆ, ದೊಡ್ಡ ಪಾಸ್‌ಗಳಲ್ಲಿ ಕಿಲೋಮೀಟರಿಗೊಂದು ಕಲ್ಲು ನೆಟ್ಟು ತುದಿ ಇನ್ನೆಷ್ಟು ದೂರ, ಮುಂದಿನ ಕಿಲೋಮೀಟರ್ ಎಷ್ಟು ಪರ್ಸೆಂಟ್ ಅಂತ ಬರೆದಿರ್ತಾರೆ. ಕೆಲವರಿಗೆ ಅದು ಧೈರ್ಯ, ಕೆಲವರಿಗೆ ಶಾಪ. ನಾನಂತೂ 9 ಅಂತ ಕಂಡ್ರೆ ಕಲ್ಲಿಗೇ ಬೈತಿದ್ದೆ.

ಈಗ ಇಳಿಯೋದು. ನಮ್ಮೂರಲ್ಲಿ ಇದನ್ನ ಯಾರೂ ಪ್ರಾಕ್ಟೀಸ್ ಮಾಡಲ್ಲ, ನಂದಿ ಇಳಿಯೋದು ಅಂದ್ರೆ ಟ್ರಾಫಿಕ್ ನಡುವೆ ಬ್ರೇಕ್ ಹಿಡ್ಕೊಂಡು ಇಡ್ಲಿ ತಿನ್ನಕ್ಕೆ ಹೋಗೋ ದಾರಿ ಅಷ್ಟೇ. ಅಲ್ಲಿನ ಎತ್ತರದ ಪಾಸ್‌ಗಳಾದ ಇಜ಼ರಾಂ ಅಥವಾ ಬೊನೆತ್‌ನಿಂದ ಇಳಿಯೋಕೆ ಶುರು ಮಾಡಿದ್ರೆ ಮುಗಿಯೋದೇ ಇಲ್ಲ, ಕೈ ಜೋಮು ಹಿಡಿಯತ್ತೆ. ಮೂರು ವಿಷಯ ತಲೇಲಿ ಇಟ್ಕೊಳ್ಳಿ. ಅಲ್ಲಿ ಬಲಗಡೆ ಓಡಿಸೋದು, ಇದು ಹೋಗ್ತಾ ಹೋಗ್ತಾ ರೂಢಿ ಆಗತ್ತೆ, ಆದ್ರೆ ಫೋಟೋಗೆ ಅಂತ ನಿಲ್ಲಿಸಿ ಮತ್ತೆ ಹೊರಟಾಗ ಖಾಲಿ ರೋಡಲ್ಲಿ ಕಾಲು ತಾನಾಗೇ ಎಡಕ್ಕೆ ಎಳೆಯತ್ತೆ, ನಮ್ಮಲ್ಲಿ ಒಬ್ಬರು ಹಾಗೇ ಹೋಗಿ ತಿರುವಲ್ಲಿ ಕ್ಯಾಂಪರ್ ವ್ಯಾನ್‌ಗೆ ಎದುರಾಗಿ ಸ್ವಲ್ಪದರಲ್ಲಿ ಬಚಾವಾದ್ರು. ಎರಡನೇದು, ಸೈಕಲ್ ಅಲ್ಲೇ ಬಾಡಿಗೆಗೆ ತಗೊಂಡ್ರೆ ಮುಂದಿನ ಬ್ರೇಕು ಎಡಗೈ ಲಿವರ್‌ಗೆ ಇರೋದು ಅಲ್ಲಿ ಮಾಮೂಲು, ನಮ್ಮಲ್ಲಿ ಬಲಗೈಗೆ. ಅಂಗಡೀಲೇ ಚೆಕ್ ಮಾಡಿ, ಬದಲಾಯಿಸಿಕೊಡಿ ಅಂತ ಕೇಳಿ, ತುರ್ತಿನಲ್ಲಿ ಮೆದುಳು ಯೋಚನೆ ಮಾಡಲ್ಲ ಕೈ ಒತ್ತಿಬಿಡತ್ತೆ. ಮೂರನೇದು, ಉದ್ದಕ್ಕೂ ಬ್ರೇಕ್ ಸವರಿಕೊಂಡು ಇಳೀಬೇಡಿ, ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ತಿರುವಲ್ಲಿ ಬಿಡಿ, ರಿಮ್ ಬ್ರೇಕ್ ಇದ್ದೋರಿಗಂತೂ ಇದು ಕಡ್ಡಾಯ, ರಿಮ್ ಕಾದು ಟ್ಯೂಬ್ ಢಂ ಅಂದ್ರೆ ಪಕ್ಕದಲ್ಲಿ ಪ್ರಪಾತ. ಡಿಸ್ಕ್ ಆದ್ರೆ ಹೊಸ ಪ್ಯಾಡ್ ಹಾಕಿಸ್ಕೊಂಡು ಹೋಗಿ.

ಚಳಿ ಬಗ್ಗೆ ಹೇಳಿದ್ರೆ ಬೆಂಗಳೂರಿನವರು ಯಾರೂ ನಂಬಲ್ಲ, ಜುಲೈ ಅಂದ್ರೆ ಬೇಸಿಗೆ ಅಲ್ವಾ ಅಂತಾರೆ. ಸಾವಿರ ಮೀಟರ್ ಏರಿದ್ರೆ ಹತ್ರ ಹತ್ರ ಆರೂವರೆ ಡಿಗ್ರಿ ಇಳಿಯತ್ತೆ, ಅಂದ್ರೆ ನೀಸ್‌ನಲ್ಲಿ ಜನ ಸಮುದ್ರದಲ್ಲಿ ಬಿದ್ದುಕೊಂಡಿದ್ರೆ ಬೊನೆತ್ ಮೇಲೆ 17-18 ಡಿಗ್ರಿ ಕಮ್ಮಿ, ಮೇಲೆ ಗಾಳಿ, ಒಳಗೆ ಬೆವರಿ ಒದ್ದೆಯಾದ ಜರ್ಸಿ. 2019ರ ಜುಲೈ 26ಕ್ಕೆ ಟೂರ್ ದ ಫ್ರಾನ್ಸ್ ರೇಸೇ ಇಜ಼ರಾಂ ದಾಟಿ ಇಳಿಯೋವಾಗ ನಿಂತುಹೋಯ್ತು, ಆಲಿಕಲ್ಲು ಮಳೆ ಬಿದ್ದು ಮುಂದಿನ ರೋಡಿನ ಮೇಲೆ ಮಣ್ಣು ಕುಸಿದಿತ್ತು, ಪಾಸ್ ತುದೀಲಿ ಯಾರು ಎಷ್ಟು ಹೊತ್ತಿಗೆ ದಾಟಿದ್ರೋ ಅದನ್ನೇ ಲೆಕ್ಕಕ್ಕೆ ಹಿಡಿದ್ರು, ಅಲ್ಲಿ ಮೊದಲು ದಾಟಿದ್ದ ಎಗಾನ್ ಬರ್ನಾಲ್‌ಗೆ ಒಟ್ಟು ಲೆಕ್ಕದಲ್ಲಿ ಮುಂದಿರೋರು ಹಾಕೋ ಹಳದಿ ಜರ್ಸಿ ಸಿಕ್ತು. ಅವರ ಹಿಂದೆ ಹತ್ತಾರು ಕಾರು, ಡಾಕ್ಟರ್ ಎಲ್ಲ ಇದ್ರೂ ಆ ಗತಿ. ಹಾಗಾಗಿ ವಿಂಡ್ ಜಾಕೆಟ್ಟು, ಪೂರ್ತಿ ಬೆರಳಿನ ಗ್ಲೌಸು, ಆರ್ಮ್ ವಾರ್ಮರು, ಇವು ನಿಮ್ಮ ಬೆನ್ನ ಜೇಬಲ್ಲೇ ಇರಬೇಕು, ವ್ಯಾನ್‌ನಲ್ಲಿ ಅಲ್ಲ. ಹಿಂದಿನ ಕಾಲದ ರೇಸರ್‌ಗಳು ತುದೀಲಿ ನ್ಯೂಸ್‌ಪೇಪರ್ ಇಸ್ಕೊಂಡು ಜರ್ಸಿಯೊಳಗೆ ಎದೆಗೆ ತುರುಕ್ಕೋತಿದ್ರು, ಈಗಲೂ ಅದು ಕೆಲಸ ಮಾಡತ್ತೆ. ಗುಡುಗು ಸಿಡಿಲು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಆದ್ದರಿಂದ ಬೆಳಿಗ್ಗೆ ಏಳು ಏಳೂವರೆಗೇ ಪೆಡಲ್ ಮೇಲಿರಿ.

ಇನ್ನು ಗುಂಪು. ಎಲ್ಲರೂ ಒಟ್ಟಿಗೆ ಹತ್ತೋ ಕನಸು ಇದ್ರೆ ಮೊದಲ ದಿನವೇ ಬಿಟ್ಟುಬಿಡಿ. ಪಾಸ್ ಅನ್ನೋದು ಒಬ್ಬೊಬ್ಬರೇ ಹತ್ತೋದು, ಪಕ್ಕದೋರ ಸ್ಪೀಡಿಗೆ ಹತ್ತಿದ್ರೆ ಇಬ್ಬರೂ ಹಾಳು. ನಮ್ಮ ಗುಂಪಲ್ಲಿ ಮೊದಲು ತುದೀಲಿ ಎಲ್ಲರೂ ಸೇರಿ ಫೋಟೋ ತೆಗೆಸ್ಕೊಳ್ಳೋಣ ಅಂತ ಇತ್ತು. ಏನಾಯ್ತು ಅಂದ್ರೆ ಮುಂದೆ ಹೋದ ಇಬ್ಬರು ರೊಜ಼್‌ಲಾಂ ಪಾಸ್ ಮೇಲೆ, ಅದು 1,967 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ, ಒದ್ದೆ ಬಟ್ಟೇಲಿ ಮುಕ್ಕಾಲು ಗಂಟೆ ನಡುಗ್ತಾ ಕೂತ್ರು, ನಾವು ಹೋದಾಗ ಮುಖ ಊದಿಸ್ಕೊಂಡಿದ್ರು, ನಮಗೂ ಗಿಲ್ಟು, ಯಾರೂ ಮಾತಾಡಲಿಲ್ಲ, ಸುಮ್ನೆ ಒಂದು ಫೋಟೋಗೆ ಹಲ್ಲು ಕಿರಿದ್ವಿ. ಆ ರಾತ್ರಿ ಊಟಕ್ಕೆ ಕೂತಾಗ ನಮ್ಮಲ್ಲಿ ದೊಡ್ಡೋರು, ಬ್ಯಾಂಕಿಂದ ರಿಟೈರ್ ಆದ ಒಬ್ಬ ಮಾವ ಇದ್ರು ಎಲ್ಲರಿಗೂ, ಅವರು ಎರಡೇ ರೂಲ್ ಹಾಕಿದ್ರು. ತುದೀಲಿ ಯಾರೂ ಯಾರಿಗೂ ಕಾಯಬಾರದು, ಇಳಿದ ಮೇಲೆ ಮೊದಲು ಸಿಗೋ ಊರಿನ ಕಾಫಿ ಅಂಗಡೀಲಿ ಕಾಯೋದು. ಸ್ಲೋ ಇರೋರು ಬೆಳಿಗ್ಗೆ ಮುಕ್ಕಾಲು ಗಂಟೆ ಮುಂಚೆ ಹೊರಡೋದು. ಅಷ್ಟಕ್ಕೇ ಇಡೀ ಟೂರ್ ಬದಲಾಗಿಹೋಯ್ತು ನೋಡಿ. ನಾವು ಮುಂಚೆ ಹೊರಟೋರನ್ನ ಫಾಸ್ಟ್ ಇರೋರು ಅರ್ಧ ದಾರೀಲಿ ಹಿಡಿದು, ಎರಡು ಮಾತಾಡಿ, ನೀರು ಬೇಕಾ ಅಂತ ಕೇಳಿ ಮುಂದೆ ಹೋಗೋರು. ಇಜ಼ೋಆರ್ ಪಾಸ್ ಮೇಲೆ ಕಾಸ್ ದೆಸೆರ್ತ್ ಅಂತ ಬರತ್ತೆ, ಮರಗಿಡ ಇಲ್ಲದ ಬೋಳು ಇಳಿಜಾರಲ್ಲಿ ಕಲ್ಲಿನ ಕಂಬಗಳು ಎದ್ದು ನಿಂತಿರೋ ಜಾಗ, ಹಳೇ ಕಾಲದ ಹೆಸರಾಂತ ಸೈಕಲ್ ರೇಸರ್‌ಗಳಾದ ಕೊಪ್ಪಿ ಮತ್ತೆ ಬೊಬೆ ಹೆಸರಿನ ಸ್ಮಾರಕ ಇರೋದೂ ಅಲ್ಲೇ, ಅಲ್ಲಿ ಯಾರೂ ಹೇಳದೇ ಎಲ್ಲರೂ ಒಂದೇ ಹೊತ್ತಿಗೆ ಸೇರಿದ್ವಿ.

ನಿಮ್ಮ ಎಂಟು ಜನರನ್ನ ಈಗಲೇ ಕೂರಿಸಿ ಈ ಕಾಯೋ ವಿಷಯ ಮಾತಾಡಿ. ಯಾರಾದ್ರೂ "ಎಲ್ಲರೂ ನನ್ನ ಸ್ಪೀಡಿಗೆ ಬರಬೇಕು" ಅನ್ನೋರಿದ್ರೆ ಅವರಿಗೆ ಇನ್ನೊಂದು ಗುಂಪು ಹುಡುಕಿಕೊಡಿ. ನೀವು ಸ್ಲೋ ಇರೋದು ಯಾರಿಗೂ ಹೊರೆ ಅಲ್ಲ, ಆ ಮನುಷ್ಯನೇ ಹೊರೆ. ಲಗೇಜಿಗೆ ಅಂತ ಒಂದು ವ್ಯಾನ್ ತಪ್ಪದೆ ಮಾಡ್ಕೊಳ್ಳಿ, ದುಡ್ಡು ಹೋದ್ರೂ ಪರವಾಗಿಲ್ಲ. ಒಬ್ಬರಿಗೆ ಮಂಡಿ ನೋವು ಬಂದ ದಿನ ಅದರಲ್ಲಿ ಕೂತು ಮುಂದಿನ ಊರಿಗೆ ಹೋಗಬಹುದು, ನಾಚಿಕೆ ಏನಿಲ್ಲ.

ಊಟ. ವೆಜ್ ಆಗಿದ್ರೆ ಕಷ್ಟ, ಆದ್ರೆ ಉಪವಾಸ ಬೀಳಲ್ಲ. ಆಲೂಗಡ್ಡೆ, ಚೀಸು, ಬ್ರೆಡ್ಡು, ಆಮ್ಲೆಟ್ಟು, ಇಷ್ಟರಲ್ಲೇ ಸುತ್ತು. ರೆಬ್ಲೊಶೋಂ ಚೀಸ್ ಹಾಕಿ ಮಾಡೋ ತಾರ್ತಿಫ್ಲೆತ್ ಅಂತ ಸಿಗತ್ತೆ, ಸ್ವರ್ಗ, ಆದ್ರೆ ಅದರಲ್ಲಿ ಹಂದಿಮಾಂಸದ ಚೂರು ಹಾಕೋದು ರೂಢಿ, ಮುಂಚೇನೇ ಹೇಳಿ ಬಿಡಿಸಬೇಕು. ಬೊಫೋರ್ ಚೀಸ್ ಹುಟ್ಟಿದ ಕಣಿವೆಯಿಂದಲೇ ರೊಜ಼್‌ಲಾಂ ಹತ್ತೋದು, ಹಸುಗಳ ಕೊರಳ ಗಂಟೆ ಕೇಳ್ಕೊಂಡೇ ಹೋಗ್ತೀರಾ, ಒಂದು ತುಂಡು ಕೊಂಡು ಜೇಬಿಗೆ ಹಾಕ್ಕೊಳ್ಳಿ. ಚಟ್ನಿಪುಡಿ ತಪ್ಪದೆ ಒಯ್ಯಿರಿ. ಸಣ್ಣ ಊರುಗಳಲ್ಲಿ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಅಂಗಡಿ ಬಾಗಿಲು ಹಾಕಿರತ್ತೆ, ಹಸಿವಾದಾಗ ತಗೊಳ್ಳೋಣ ಅಂದ್ರೆ ಕೆಟ್ಟಿರಿ. ಗಂಟೆಗೆ ಒಂದ್ಸಲ ಏನಾದ್ರೂ ಬಾಯಿಗೆ ಬೀಳಬೇಕು, ಹಸಿವೆ ಆದ ಮೇಲೆ ತಿಂದ್ರೆ ಲೇಟು. ನೀರು ಊರೂರಲ್ಲಿ ಕಲ್ಲಿನ ತೊಟ್ಟಿಗೆ ಸುರೀತಿರತ್ತೆ, ಕುಡಿಯೋ ಹಾಗಿಲ್ಲ ಅಂತ ಬೋರ್ಡ್ ಇಲ್ಲದಿದ್ರೆ ತುಂಬಿಸ್ಕೊಳ್ಳಿ.

ಇನ್ನು ಚಿಲ್ಲರೆ ವಿಷಯ. ಜೂನ್ ಮಧ್ಯದ ತನಕ ಎತ್ತರದ ಪಾಸ್‌ಗಳಲ್ಲಿ ಹಿಮ ಇದ್ದು ರೋಡ್ ಮುಚ್ಚಿರಬಹುದು, ಜುಲೈ ಸರಿ, ಸೆಪ್ಟೆಂಬರ್ ಮೊದಲ ವಾರ ಅದಕ್ಕಿಂತ ಚೆಂದ, ಜನ ಕಮ್ಮಿ. ಜುಲೈ ಆಗಸ್ಟ್ ವೀಕೆಂಡಲ್ಲಿ ಮೋಟರ್‌ಬೈಕ್ ಸದ್ದಿಗೆ ಕಿವಿ ಕಿತ್ತೋಗತ್ತೆ, ಆದ್ರೆ ಅದೇ ಸೀಸನ್ನಲ್ಲಿ ಕೆಲವು ದಿನ ಬೆಳಿಗ್ಗೆ ಕೆಲವು ಪಾಸ್‌ಗಳನ್ನ ಗಾಡಿಗಳಿಗೆ ಮುಚ್ಚಿ ಸೈಕಲ್‌ಗೆ ಮಾತ್ರ ಬಿಡ್ತಾರೆ, ಆ ತಾರೀಖು ನೋಡ್ಕೊಂಡು ಪ್ಲಾನ್ ಮಾಡಿದ್ರೆ ಹಬ್ಬ. ಬೊನೆತ್ ಹತ್ರ ಯೂರೋಪಿನ ಅತಿ ಎತ್ತರದ ರಸ್ತೆ ಅಂತ ಹೇಳ್ಕೊತಾರೆ, ನಂಬಬೇಡಿ, ಪಾಸ್ ಇರೋದು 2,715 ಮೀಟರ್, ಮೇಲೆ ಗುಡ್ಡ ಸುತ್ತಿ ಬರೋ ಒಂದು ಲೂಪ್ ಮಾಡಿ 2,802 ಮಾಡಿದಾರೆ, ಆಲ್ಪ್ಸ್‌ನಲ್ಲಿ ಟಾರ್ ರೋಡ್ ಇರೋ ಪಾಸ್‌ಗಳಲ್ಲಿ ಎತ್ತರದ್ದು 2,764ರ ಇಜ಼ರಾಂ. ಲೂಪ್ ಮಾತ್ರ ಬಿಡಬೇಡಿ. ವಾಲ್ ದಿಜ಼ೇರ್ ಅನ್ನೋ ಊರಿಗೆ ಮುಂಚೆ ಟನಲ್‌ಗಳಿವೆ, ಮುಂದೆ ಹಿಂದೆ ಲೈಟ್ ಬೇಕೇ ಬೇಕು.

ವೀಸಾಗೆ ಆರು ತಿಂಗಳು ಮುಂಚಿಂದ ಅರ್ಜಿ ಹಾಕಬಹುದು, ಜುಲೈ ಅಂದ್ರೆ ಎಲ್ಲರೂ ಮುಗಿಬೀಳೋ ಟೈಮು, ಬೇಗ ಹಾಕಿ. ಅದಕ್ಕೆ 30,000 ಯೂರೋ ಕವರ್ ಇರೋ ಇನ್ಶೂರೆನ್ಸ್ ಕೇಳ್ತಾರೆ, ಆದ್ರೆ ವೀಸಾಗೆ ಅಂತ ಕೊಡೋ ಅಗ್ಗದ ಪಾಲಿಸಿಗಳಲ್ಲಿ ಬೆಟ್ಟದ ಮೇಲೆ ಸೈಕಲ್ ಓಡಿಸೋದು, ಹೆಲಿಕಾಪ್ಟರ್ ರೆಸ್ಕ್ಯೂ ಎಲ್ಲ ಸೇರಿದೆಯಾ ಅಂತ ಸಣ್ಣ ಅಕ್ಷರ ಓದಿ ತಗೊಳ್ಳಿ. ಎಮರ್ಜೆನ್ಸಿಗೆ ನಂಬರ್ 112.