ಭೀಮಸೇನರನ್ನು ಮನ್ನಾ ಡೇ ಸೋಲಿಸಲಿಲ್ಲ

ಪ್ರಿಯ ಲೇಖಕರೇ,

ಹಿಂದಿ ಚಿತ್ರಗಳ ಹಿನ್ನೆಲೆ ಗಾಯಕ ಮನ್ನಾ ಡೇ ಕುರಿತ ನಿಮ್ಮ ಹನ್ನೊಂದು ಪುಟದ ಲೇಖನ ತಲುಪಿತು. ಭಾಷೆ ಶುದ್ಧವಾಗಿದೆ, ಇಸವಿಗಳು ಸರಿಯಿವೆ. ಕಣ್ಣು ಕಾಣದ ಚಿಕ್ಕಪ್ಪ ಕೃಷ್ಣಚಂದ್ರ ಡೇ ಅವರ ಜೊತೆ 1942ರಲ್ಲಿ ಮುಂಬಯಿಗೆ ಬಂದ ಭಾಗ ಓದಿಸಿಕೊಂಡು ಹೋಗುತ್ತದೆ. ಎರಡು ಪುಟ ಮುಗಿಯುವಷ್ಟರಲ್ಲಿ ಅಚ್ಚಿಗೆ ಕಳಿಸೋಣ ಎಂದೇ ಅಂದುಕೊಂಡಿದ್ದೆ. ಮೂರನೆಯ ಪುಟದಲ್ಲಿ ಈ ವಾಕ್ಯ ಎದುರಾಯಿತು: ‘ಬಸಂತ್ ಬಹಾರ್ ಚಿತ್ರದಲ್ಲಿ ಸಾಕ್ಷಾತ್ ಭೀಮಸೇನ ಜೋಶಿಯವರನ್ನೇ ಸೋಲಿಸಿ ಈ ಗಾನಗಂಧರ್ವ ತನ್ನ ಕಂಚಿನ ಕಂಠದ ವಿಜಯಪತಾಕೆ ಹಾರಿಸಿದರು.’

ಹಾಳೆಗಳನ್ನು ಮಡಚಿಟ್ಟು ಎದ್ದುಬಿಟ್ಟೆ. ಸಿಟ್ಟು ಇಳಿಯಲು ಒಂದು ದಿನ ಬೇಕಾಯಿತು. ಈಗ ಆ ವಾಕ್ಯವನ್ನೇ ಬಿಡಿಸುತ್ತೇನೆ.

‘ಸೋಲಿಸಿ.’ ಯಾರೂ ಯಾರನ್ನೂ ಸೋಲಿಸಲಿಲ್ಲ. 1956ರ ಆ ಚಿತ್ರದ ಮೂಲ ನಮ್ಮ ತ.ರಾ.ಸು. ಅವರ ಕಾದಂಬರಿ ‘ಹಂಸಗೀತೆ’. ಕನ್ನಡದಲ್ಲಿ ಬರೆಯುವ ನಿಮಗೆ ಅದು ಹೊಳೆಯಲಿಲ್ಲವಲ್ಲ ಎಂಬ ನೋವು ಬೇರೆ. ಚಿತ್ರದೊಳಗಿನ ಸ್ಪರ್ಧೆಯಲ್ಲಿ ನಾಯಕ ಗೆಲ್ಲಲೇಬೇಕು, ಕತೆ ಇರುವುದೇ ಹಾಗೆ. ನಾಯಕ ಭರತ್ ಭೂಷಣ್‌ಗೆ ಮನ್ನಾ ಡೇ ದನಿ, ಎದುರಾಳಿಗೆ ಭೀಮಸೇನರ ದನಿ. ‘ಕೇತಕಿ ಗುಲಾಬ್ ಜೂಹಿ’ ಹಾಡಿನಲ್ಲಿ ಗೆದ್ದದ್ದು ಚಿತ್ರಕಥೆ. ಗುರುವನ್ನು ಹುಡುಕಿಕೊಂಡು ಹುಡುಗನಾಗಿದ್ದಾಗಲೇ ಗದಗಿನ ಮನೆ ಬಿಟ್ಟು ಹೊರಟವರು, ಕುಂದಗೋಳದ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಕೈಯಲ್ಲಿ ಪಳಗಿದವರು ಭೀಮಸೇನರು, ಅಂಥವರು ಸೋಲುವವನ ಪಾತ್ರಕ್ಕೆ ಹಾಡಲು ಒಪ್ಪಿದರು. ಆ ದೊಡ್ಡ ಮನಸ್ಸನ್ನು ನಿಮ್ಮ ಒಂದೇ ಒಂದು ಕ್ರಿಯಾಪದ ಒರೆಸಿಹಾಕಿತು.

‘ವಿಜಯಪತಾಕೆ.’ ಇಲ್ಲಿ ಅನ್ಯಾಯವಾಗಿರುವುದು ಮನ್ನಾ ಡೇ ಅವರಿಗೇ. ಅವರು ಹೆದರಿದ್ದರು. ಎದುರಿಗೆ ಹಾಡುವವರು ಯಾರೆಂದು ಗೊತ್ತಾದಾಗ, ಸ್ವಲ್ಪ ದಿನ ಊರು ಬಿಟ್ಟು ಎಲ್ಲಾದರೂ ಹೋಗಿಬಿಡೋಣ, ಬೇರೆಯವರಿಂದ ಹಾಡಿಸಿಕೊಳ್ಳಲಿ ಎಂದು ಹೆಂಡತಿ ಸುಲೋಚನಾ ಅವರ ಹತ್ತಿರ ಹೇಳಿದ್ದರು. ನೀವು ಹಾಡುತ್ತಿರುವುದು ನಾಯಕನಿಗೆ, ಹಾಡಲೇಬೇಕು ಎಂದು ಆಕೆ ತಡೆದು ನಿಲ್ಲಿಸಿದರು. ಇದನ್ನು ಮನ್ನಾ ಡೇ ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಆಗ ಅವರಿಗೆ 37, ಭೀಮಸೇನರಿಗೆ 34. ತನಗಿಂತ ಚಿಕ್ಕವರಿಗೆ ಅವರು ಹೆದರಿದ್ದೇಕೆ? ಉಸ್ತಾದ್ ಅಮಾನ್ ಅಲಿ ಖಾನ್, ಉಸ್ತಾದ್ ಅಬ್ದುಲ್ ರೆಹಮಾನ್ ಖಾನ್ ಅವರ ಹತ್ತಿರ ಕಲಿತ ಕಿವಿ ಅದು. ಎದುರಿನವರ ಎತ್ತರ ಎಷ್ಟೆಂದು ಅದಕ್ಕೆ ತಿಳಿಯುತ್ತಿತ್ತು. ಆ ಅಂಜಿಕೆಯೊಡನೆಯೇ ಮೈಕಿನ ಮುಂದೆ ನಿಂತ ಮನುಷ್ಯನನ್ನು ನನಗೆ ತೋರಿಸಿ. ನಿಮ್ಮ ಪತಾಕೆಯ ಹಿಂದೆ ಅವರು ಕಾಣುತ್ತಲೇ ಇಲ್ಲ.

‘ಕಂಚಿನ ಕಂಠ.’ ಲೇಖನದಲ್ಲಿ ಇದು ಆರು ಕಡೆ ಇದೆ. 1950ರ ‘ಮಶಾಲ್’ ಚಿತ್ರದ ‘ಊಪರ್ ಗಗನ್ ವಿಶಾಲ್’ಗೆ ಬೇಕಾದರೆ ಇಟ್ಟುಕೊಳ್ಳಿ, ಅಲ್ಲಿ ಗಂಟಲು ಪೂರ್ತಿ ತೆರೆದಿದೆ. ಆದರೆ ‘ಏ ಮೇರೇ ಪ್ಯಾರೇ ವತನ್’ಗೂ ಕಂಚೇ? ಕಲ್ಕತ್ತೆಗೆ ದುಡಿಯಲು ಬಂದ ಕಾಬೂಲಿಗಳ ಬಿಡಾರದ ಹಾಡು ಅದು. ಪಕ್ಕದಲ್ಲಿ ಮಲಗಿದವರಿಗೆ ಎಚ್ಚರವಾದೀತು ಎಂಬಂತೆ ದನಿಯನ್ನು ತಗ್ಗಿಸಿ ಹಾಡಿದ್ದಾರೆ. ‘ಪೂಛೋ ನ ಕೈಸೇ’ ಹಾಡಿನಲ್ಲಿ ನಿದ್ದೆಯಿಲ್ಲದೆ ರಾತ್ರಿ ಕಳೆದವನ ಸಂಕಟವಿದೆ, ಅದಕ್ಕೆ ಎಸ್.ಡಿ. ಬರ್ಮನ್ ಆರಿಸಿದ್ದು ಬೆಳಗಿನ ರಾಗ ಅಹಿರ್ ಭೈರವ್. ಕೇಳಿದರೆ ಒದ್ದೆ ಬಟ್ಟೆಯ ಭಾರ ನೆನಪಾಗುತ್ತದೆ, ಕಂಚಲ್ಲ. ನೀವು ಈ ಹಾಡುಗಳನ್ನು ಕೇಳುತ್ತಾ ಬರೆದಿರೋ, ನೆನಪಿನಿಂದ ಬರೆದಿರೋ?

ಇಷ್ಟು ಕಟುವಾಗಿ ಕೇಳುವುದಕ್ಕೆ ಕಾರಣವಿದೆ. ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಧಾರವಾಡದಲ್ಲಿ ಪತ್ರಿಕೆಯೊಂದರ ಕೆಲಸ ಕಲಿಯುತ್ತಿದ್ದೆ. ರಾತ್ರಿಯಿಡೀ ನಡೆಯುವ ಸಂಗೀತ ಬೈಠಕ್ಕೊಂದರ ವರದಿ ಬರೆಯಲು ಕಳಿಸಿದರು. ನಡುರಾತ್ರಿಗೆ ಮನೆಗೆ ಬಂದು ಮಲಗಿದೆ. ಬೆಳಿಗ್ಗೆ ಎದ್ದು ‘ಹಿರಿಯ ಗಾಯಕರು ತಾರಸ್ಥಾಯಿಯಲ್ಲಿ ಲೀಲಾಜಾಲವಾಗಿ ವಿಹರಿಸಿದರು’ ಎಂದು ಬರೆದುಕೊಟ್ಟೆ. ಸಂಪಾದಕರು ಓದಿದರು. ಮುಗಿಸಿದ್ದು ಯಾವ ರಾಗದಿಂದ ಎಂದಷ್ಟೇ ಕೇಳಿದರು. ನಾನು ಸುಮ್ಮನೆ ನಿಂತೆ. ‘ಹೋಗಿ ಅವರನ್ನೇ ಕೇಳಿಕೊಂಡು ಬಾ’ ಎಂದರು. ಹೋದೆ. ಗಾಯಕರು ಬಿಸಿನೀರು ಕುಡಿಯುತ್ತಾ ಕೂತಿದ್ದರು. ರಾತ್ರಿ ಎರಡರ ಹೊತ್ತಿಗೆ ಗಂಟಲು ಕಟ್ಟಿತ್ತಂತೆ. ಮೇಲಿನ ತಾರ ಷಡ್ಜ ಮುಟ್ಟಲಾಗದೆ, ತಗ್ಗಿನ ಸ್ವರಗಳ ಮಂದ್ರದಲ್ಲೇ ಒಂದು ಗಂಟೆ ತೋಡಿ ರಾಗ ಹಾಡಿದರಂತೆ. ಅಂಥ ಮಂದ್ರ ತನಗೆ ಹಿಂದೆ ಯಾವತ್ತೂ ಸಿಕ್ಕಿರಲಿಲ್ಲ ಎಂದರು. ನನ್ನ ವರದಿಯ ಹಾಳೆ ಅಂಗಿಯ ಜೇಬಿನಲ್ಲೇ ಇತ್ತು. ಆ ಒಂದು ಗಂಟೆ ಇನ್ನು ಯಾವತ್ತೂ ನನಗೆ ಸಿಗುವುದಿಲ್ಲ.

ಕೊನೆಯ ಪುಟದಲ್ಲಿ ‘ದೂರದ ಬಂಗಾಳದ ಈ ಗಾಯಕ’ ಎಂದಿದ್ದೀರಿ. ಅವರು ಕೊನೆಯ ವರ್ಷಗಳನ್ನು ಕಳೆದದ್ದು ನೀವಿರುವ ಬೆಂಗಳೂರಿನಲ್ಲೇ, ಕಲ್ಯಾಣನಗರದಲ್ಲಿ. 2012ರಲ್ಲಿ ಸುಲೋಚನಾ ತೀರಿಕೊಂಡದ್ದು ಈ ಊರಿನಲ್ಲಿ, 2013ರ ಅಕ್ಟೋಬರ್ 24ರಂದು ಅವರು ಕಣ್ಣು ಮುಚ್ಚಿದ್ದೂ ಇಲ್ಲೇ. ‘ದೂರದ’ ಎಂಬುದನ್ನು ಹೊಡೆದುಹಾಕಿದ್ದೇನೆ.

ಮೂರನೆಯ ಪುಟವನ್ನಷ್ಟೇ ಹೊಸದಾಗಿ ಬರೆದು ಕಳಿಸಿ. ಊರು ಬಿಟ್ಟು ಹೋಗೋಣ ಎಂದ ಗಂಡ, ತಡೆದ ಹೆಂಡತಿ, ಅಲ್ಲಿಂದ ಶುರುಮಾಡಿ. ಉಳಿದ ಹತ್ತು ಪುಟ ಅಲ್ಲಿಯವರೆಗೆ ನನ್ನ ಮೇಜಿನ ಮೇಲೇ ಇರುತ್ತವೆ.